ಬಿದ್ದ ಮಗು ಏಳಬೇಕಾದರೆ

ನಮ್ಮ ಬ್ಲಾಕಿನ ಹಿಂದೆ ಒಂದು ಬೇವಿನ ಮರ, ಮರದ ಕೆಳಗೆ ಇಸ್ತ್ರಿಯವನ ಮೇಜು. ರಾಮಕೃಷ್ಣಪುರದ ಸರ್ಕಾರಿ ಕ್ವಾರ್ಟರ್ಸುಗಳಲ್ಲಿ ಸಂಸಾರ ಹೂಡಿದ ಓದುಗರಿಗೆ ಅದರ ವರ್ಣನೆ ಬೇಕಾಗಿಲ್ಲ. ಕೆಂಡ ತುಂಬಿದ ಭಾರವಾದ ಪೆಟ್ಟಿಗೆ, ಮನೆಮನೆಯ ಗಂಟುಗಳು, ಮೇಜಿನ ಕೆಳಗೆ ಮಲಗಿದ ನಾಯಿ, ಪಕ್ಕದಲ್ಲಿ ಲೆಕ್ಕ ಬರೆಯುವ ಒಂದು ಮುದುರಿದ ಪುಸ್ತಕ. ಆ ಲೆಕ್ಕ ಬರೆಯುತ್ತಿದ್ದವನು ಇಸ್ತ್ರಿಯವನ ಹಿರಿಯ ಮಗ. ಹುಡುಗನ ಅಕ್ಷರ ದುಂಡಗಿತ್ತು. ಕಚೇರಿಯಲ್ಲಿ ಹದಿಮೂರು ವರ್ಷಗಳಿಂದ ಇತರರ ಕೈಬರಹವನ್ನು ಓದಿ ಕಣ್ಣು ಕೆಡಿಸಿಕೊಂಡ ನಮಗೆ ದುಂಡಕ್ಷರವೆಂದರೆ ಪಕ್ಷಪಾತ ಹೆಚ್ಚು. ಹಾಗಾಗಿಯೇ ಅವನ ಪರಿಚಯ ಬೆಳೆಯಿತು.

ನಾವೂ ಸಂಘದ ಇಬ್ಬರು ಮಿತ್ರರೂ ಕೂಡಿ ಪ್ರತಿ ಭಾನುವಾರ ಬೆಳಿಗ್ಗೆ, ಮೆಟ್ಟಿಲ ಬುಡದ ಜಾಗದಲ್ಲಿ ಚಾಪೆ ಹಾಸಿ, ಸುತ್ತಲಿನ ಕೆಲಸಗಾರರ ಮಕ್ಕಳಿಗೆ ಒಂದೆರಡು ಗಂಟೆ ಪಾಠ ಹೇಳುವ ಪದ್ಧತಿಯನ್ನು ಇಟ್ಟುಕೊಂಡಿದ್ದೇವೆ. ಪಾತ್ರೆ ತೊಳೆಯುವವಳ ಹುಡುಗಿಯರಿಬ್ಬರು, ಕಾರು ಒರೆಸುವವನ ಮಗ, ಕ್ಯಾಂಟೀನೊಂದರಲ್ಲಿ ದೋಸೆ ಹುಯ್ಯುವ ನಮ್ಮ ಕುಂದಾಪುರದ ಕಡೆಯವರೊಬ್ಬರ ಮಗಳು, ಇಸ್ತ್ರಿಯವನ ಈ ಹುಡುಗ, ಹೀಗೆ ಹತ್ತು ಹನ್ನೆರಡು ಮಂದಿ ಸೇರುತ್ತಾರೆ. ನಮ್ಮ ಮನೆಯಾಕೆ ಆ ಹೊತ್ತಿಗೆ ಒಂದು ಡಬರಿ ಉಪ್ಪಿಟ್ಟು ಕಳುಹಿಸುತ್ತಾಳೆ. ಪಾಠಕ್ಕಿಂತ ಉಪ್ಪಿಟ್ಟಿಗೇ ಹಾಜರಿ ಹೆಚ್ಚು ಎಂದು ಅವಳ ಅಭಿಪ್ರಾಯ. ಈ ಮಾತಿನಲ್ಲಿ ಎಷ್ಟು ಸತ್ಯವಿದೆಯೆಂಬುದು ಮುಂದೆ ತಿಳಿಯಲಿದೆ.

ಒಂದು ಭಾನುವಾರ ನಮಗೆ ಮಕ್ಕಳಲ್ಲಿ ಎದೆಗಾರಿಕೆ ತುಂಬಬೇಕೆಂಬ ಹುಮ್ಮಸ್ಸು ಬಂದಿತು. ಪರೀಕ್ಷೆಗಳು ಹತ್ತಿರವಾಗಿದ್ದವು. ಸೋತು ಗುಹೆಯಲ್ಲಿ ಅವಿತ ದೊರೆ, ಗೋಡೆ ಹತ್ತುವ ಜೇಡ, ಆರು ಸಾರಿ ಬಿದ್ದು ಏಳನೆಯ ಸಾರಿ ಗೆದ್ದ ಕಥೆಯನ್ನು ನಾವೂ ಓದುಗರೂ ಕಲಿತದ್ದು ಪ್ರಾಥಮಿಕ ಶಾಲೆಯಲ್ಲಿಯೇ ಅಲ್ಲವೆ? ಅದನ್ನೇ ಹಿಂದಿಯಲ್ಲಿ, ಕೈ ಬಾಯಿ ತಿರುವುತ್ತ ಹೇಳಿದೆವು. ಮಕ್ಕಳು ಕೇಳಿದರು. ಕಡೆಗೆ ಇಸ್ತ್ರಿಯವನ ಮಗ, ಸ್ವಲ್ಪವೂ ಉದ್ಧಟತನವಿಲ್ಲದೆ, ನಿಜವಾಗಿಯೂ ತಿಳಿದುಕೊಳ್ಳುವವನಂತೆ ಕೇಳಿದ: "ಅಂಕಲ್‌ಜೀ, ಜೇಡಕ್ಕೆ ಬೆಳಿಗ್ಗೆ ಐದಕ್ಕೆದ್ದು ಕೆಂಡ ಮಾಡುವ ಕೆಲಸ ಇರಲಿಲ್ಲವಲ್ಲ?"

ಎಲ್ಲರೂ ನಕ್ಕರು, ನಾವೂ ನಕ್ಕೆವು. ಉತ್ತರ ಕೊಡಲಿಲ್ಲ. ಉತ್ತರ ಇರಲಿಲ್ಲ.

ಆ ವರ್ಷ ಅವನು ಒಂಬತ್ತನೆಯ ತರಗತಿಯಲ್ಲಿ ಎರಡನೆಯ ಬಾರಿಗೆ ನಪಾಸಾದ. ದಿಲ್ಲಿಯ ಸರ್ಕಾರಿ ಶಾಲೆಗಳ ವಿಷಯ ಬಲ್ಲವರಿಗೆ ಒಂಬತ್ತನೆಯ ತರಗತಿ ಎಂಥ ಕಂದಕವೆಂದು ಗೊತ್ತು. 2009ರ ಶಿಕ್ಷಣ ಹಕ್ಕಿನ ಕಾಯಿದೆ ಜಾರಿಗೆ ಬಂದಮೇಲೆ ಎಂಟರವರೆಗೆ ಯಾರನ್ನೂ ಹಿಂದೆ ನಿಲ್ಲಿಸುವಂತಿರಲಿಲ್ಲ. 2019ರ ತಿದ್ದುಪಡಿಯಿಂದ ಐದು, ಎಂಟರಲ್ಲಿ ನಿಲ್ಲಿಸಬಹುದೆಂದಾಯಿತು. ಕಾಯಿದೆಯ ಉದ್ದೇಶ ಒಳ್ಳೆಯದೇ. ಆದರೆ ಎಂಟು ವರ್ಷ ಪಾಠ ಹತ್ತದಿದ್ದ ಮಗುವಿಗೆ ಆ ಸಂಗತಿಯನ್ನು ತಿಳಿಸುವವರು ಯಾರೂ ಇಲ್ಲದೆ, ಒಂಬತ್ತರಲ್ಲಿ ಒಮ್ಮೆಗೇ ತಿಳಿಯುವುದೆಂದರೆ ಮಹಡಿಯ ಕೊನೆಯ ಮೆಟ್ಟಿಲು ಇಲ್ಲದ ಹಾಗೆ. ಹುಡುಗ ಭಾನುವಾರದ ಪಾಠಕ್ಕೆ ಬರುವುದನ್ನು ಬಿಟ್ಟ. ನಾವು ಬಟ್ಟೆ ಕೊಡಲು ಹೋದರೆ ಮರದ ಆಚೆಗೆ ಸರಿಯುತ್ತಿದ್ದ. ಮೂರು ತಿಂಗಳು ನಾವೂ ಸುಮ್ಮನಿದ್ದೆವು. ಈ ಮೂರು ತಿಂಗಳ ಸುಮ್ಮನಿರುವಿಕೆಗೆ ಕಚೇರಿಯ ಕೆಲಸ, ಮಗಳ ಜ್ವರ ಮೊದಲಾದ ಕಾರಣಗಳನ್ನು ನಾವು ನಮಗೇ ಒಪ್ಪಿಸಿಕೊಂಡಿದ್ದುಂಟು. ನಿಜವಾದ ಕಾರಣ ನಾಚಿಕೆ. ಜೇಡನ ಕಥೆ ಹೇಳಿದ ಬಾಯಿಯಿಂದ ಇನ್ನೇನು ಹೇಳುವುದು?

ಈಚೆಗೆ ಎಲ್ಲೆಡೆಯೂ ಬಡ ಮಕ್ಕಳಿಗೆ ಈ ಗುಣವನ್ನು ಕಲಿಸಬೇಕೆಂಬ ಮಾತು ಕೇಳಿಬರುತ್ತಿದೆ. ಕನ್ನಡದಲ್ಲಿ ಅದಕ್ಕೆ ಒಂದೇ ಹೆಸರಿಲ್ಲ. ಕೆಚ್ಚು ಎನ್ನೋಣವೆ, ತಾಳಿಕೆ ಎನ್ನೋಣವೆ, ಚೇತರಿಕೆ ಎನ್ನೋಣವೆ? "ತಾಳಿದವನು ಬಾಳಿಯಾನು" ಎಂಬ ಗಾದೆ ಇದ್ದೇ ಇದೆ. ಆದರೆ ಈ ಗಾದೆಯನ್ನು ಹೇಳುವವರು ಸಾಮಾನ್ಯವಾಗಿ ತಾಳಬೇಕಾದವರಲ್ಲ, ಇದನ್ನು ಓದುಗರು ಗಮನಿಸಿರಬಹುದು. ದಿಲ್ಲಿ ಸರ್ಕಾರ 2018ರ ಜುಲೈ ತಿಂಗಳಿನಲ್ಲಿ ತನ್ನ ಶಾಲೆಗಳಲ್ಲಿ ನರ್ಸರಿಯಿಂದ ಎಂಟನೆಯ ತರಗತಿಯವರೆಗೆ 'ಹ್ಯಾಪಿನೆಸ್' ಪಾಠವನ್ನು ಆರಂಭಿಸಿತು. ಕಣ್ಣು ಮುಚ್ಚಿ ಕುಳಿತುಕೊಳ್ಳುವುದು, ಕಥೆ, ಚರ್ಚೆ. ಪರೀಕ್ಷೆ ಇಲ್ಲ, ಅಂಕಗಳಿಲ್ಲ. 2020ರ ಫೆಬ್ರವರಿಯಲ್ಲಿ ಅಮೆರಿಕದ ಅಧ್ಯಕ್ಷರ ಪತ್ನಿ ಇದನ್ನು ನೋಡಲೆಂದು ನಮ್ಮ ನೆರೆಯ ಮೋತಿಬಾಗಿನ ಶಾಲೆಗೆ ಬಂದಿದ್ದರು. ಅಂದು ನಮ್ಮ ಬಸ್ಸು ಒಂದೂವರೆ ಗಂಟೆ ತಡವಾಗಿ, ನಾವು ಅರ್ಧ ದಿನದ ರಜೆ ಕಳೆದುಕೊಂಡೆವು. ಆ ಪಾಠದ ಮೇಲೆ ನಮಗೆ ಯಾವ ಕೋಪವೂ ಇಲ್ಲ. ಒಂದು ಗಳಿಗೆ ಮಗುವಿನ ಮಾತು ಕೇಳುವ ಮೇಷ್ಟರು ಸಿಕ್ಕರೆ ಅದೇ ದೊಡ್ಡದು. ಎಂಟರಿಂದಾಚೆಗೆ, ಬೀಳುವ ಹೊತ್ತಿಗೇ, ಆ ಪಾಠ ಮುಗಿದುಹೋಗುತ್ತಿತ್ತೆಂಬುದಷ್ಟೇ ನಮ್ಮ ಕೊರಗು.

ಈ ಯೋಚನೆಯಲ್ಲಿದ್ದಾಗ ನಮಗೆ ನೆನಪಾದವರು ಕುದ್ಮುಲ್ ರಂಗರಾಯರು. ಮಂಗಳೂರಿನ ಪುರಭವನಕ್ಕೆ ಅವರ ಹೆಸರಿದೆ. ಆದರೂ ದಿಲ್ಲಿಯಲ್ಲಿ ಹುಟ್ಟಿದ ನಮ್ಮ ಮಕ್ಕಳಿಗೆ ಅವರು ಯಾರೆಂದು ಗೊತ್ತಿರುವುದು ಅನುಮಾನ. ರಂಗರಾಯರು 1859ರಲ್ಲಿ ಹುಟ್ಟಿದರು. ಕಾಸರಗೋಡಿನ ಸೀಮೆಯ ಸಾರಸ್ವತ ಮನೆತನ. ಎಳೆಯ ವಯಸ್ಸಿನಲ್ಲಿಯೇ ತಂದೆಯನ್ನು ಕಳೆದುಕೊಂಡು, ಹೊಟ್ಟೆಯ ಪಾಡಿಗೆ ಮಂಗಳೂರಿಗೆ ಬಂದು, ಮೊದಲು ಮೇಷ್ಟರಾಗಿ ಆಮೇಲೆ ವಕೀಲರಾದವರು. ಉಳ್ಳಾಲ ರಘುನಾಥಯ್ಯನವರ ಸಹವಾಸದಿಂದ ಬ್ರಹ್ಮಸಮಾಜದತ್ತ ಒಲಿದರು. ಆ ಕಾಲದಲ್ಲಿ ಅಸ್ಪೃಶ್ಯರೆನಿಸಿಕೊಂಡವರ ಮಕ್ಕಳು ಶಾಲೆಯ ಜಗಲಿಯನ್ನು ಹತ್ತುವಂತಿರಲಿಲ್ಲ. ರಾಯರು 1892ರಲ್ಲಿ ಆ ಮಕ್ಕಳಿಗಾಗಿಯೇ ಶಾಲೆ ತೆರೆದರು. 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಎಂಬ ಸಂಸ್ಥೆಯನ್ನು ಕಟ್ಟಿದರು.

ಶಾಲೆ ತೆರೆಯುವುದು ಸುಲಭ. ಮಕ್ಕಳು ಬರಬೇಕಲ್ಲ! ಕಲಿಸುವವರೂ ಬರಬೇಕಲ್ಲ! ಮೇಲುಜಾತಿಯ ಉಪಾಧ್ಯಾಯರು ಮುಂದೆ ಬಾರದೆ, ಕ್ರೈಸ್ತ ಉಪಾಧ್ಯಾಯರನ್ನು ಇಟ್ಟುಕೊಳ್ಳಬೇಕಾಯಿತು. ಜಾತಿಯವರು ರಾಯರಿಗೆ ಬಹಿಷ್ಕಾರ ಹಾಕಿದರು. ಮನೆಯವರು ಪಟ್ಟ ಕಷ್ಟ ಸ್ವಲ್ಪವಲ್ಲ. ಇತ್ತ ಆ ಮಕ್ಕಳ ತಾಯ್ತಂದೆಗಳ ಲೆಕ್ಕವೇ ಬೇರೆ: ಮಗು ದಿನವಿಡೀ ಶಾಲೆಯಲ್ಲಿ ಕುಳಿತರೆ ಅಂದಿನ ಕೂಲಿ ಹೋಯಿತು, ಕೂಲಿಯೊಡನೆ ಸಿಗುವ ಗಂಜಿಯೂ ಹೋಯಿತು. ಆಗ ರಾಯರು ಏನು ಮಾಡಿದರು? ಓದಿನ ಮಹಿಮೆಯನ್ನು ಕುರಿತು ಭಾಷಣ ಮಾಡಲಿಲ್ಲ. ಮಧ್ಯಾಹ್ನದ ಊಟ ಹಾಕಿಸಿದರು. ಬಂದ ಮಗುವಿನ ಕೈಗೆ ದಿನದಿನವೂ ಚಿಲ್ಲರೆ ಕಾಸು ಕೊಡಿಸಿದರು. ಎಂದರೆ, ಮಗು ಶಾಲೆಗೆ ಬಂದದ್ದರಿಂದ ಮನೆಗೆ ಆಗುವ ನಷ್ಟವನ್ನು ವಕೀಲರ ಬುದ್ಧಿಯಿಂದ ಲೆಕ್ಕ ಹಾಕಿ, ಆ ನಷ್ಟವನ್ನು ತುಂಬಿಕೊಟ್ಟರು. ನಮ್ಮ ಮನೆಯಾಕೆಯ ಉಪ್ಪಿಟ್ಟಿನ ಮಾತು ಇಲ್ಲಿ ಓದುಗರಿಗೆ ನೆನಪಾಗಬಹುದು. ಈ ಕಥೆಯನ್ನು ಅವಳಿಗೆ ಹೇಳಿದ ದಿನ ಅವಳು ಬಹಳ ಹೊತ್ತು ಮಾತನಾಡಲಿಲ್ಲ. ಮುಂದಿನ ಭಾನುವಾರ ಡಬರಿ ಎರಡಾಯಿತು.

ಅಷ್ಟಕ್ಕೇ ಅವರು ನಿಲ್ಲಲಿಲ್ಲ. ಅಕ್ಷರ ಕಲಿತ ಹುಡುಗ ಹೊರಗೆ ಹೋದರೆ ಕೆಲಸ ಕೊಡುವವರಾರು? ಅದಕ್ಕಾಗಿ ಶೇಡಿಗುಡ್ಡೆಯಲ್ಲಿ ಮಗ್ಗ ಹಾಕಿಸಿ ನೇಯ್ಗೆ ಮುಂತಾದ ಕೈಕಸಬನ್ನು ಕಲಿಸಿದರು. ಕೆಲಸ ಸಿಕ್ಕಿತು, ಇರಲು ನೆಲ ಬೇಡವೆ? ಒಡೆಯ ಬೆಳಿಗ್ಗೆ 'ಎದ್ದು ಹೋಗು' ಎಂದರೆ ಸಂಜೆಗೆ ಗುಡಿಸಲಿಲ್ಲ. ಸರ್ಕಾರದಿಂದ ಜಮೀನು ಕೇಳಿ ಪಡೆದು, ಸಂಸಾರಗಳನ್ನು ನೆಲೆಗೊಳಿಸಿದರು. ಕೊರಗರಿಗಾಗಿಯೂ ಇಂಥ ಏರ್ಪಾಡು ಮಾಡಿದರು. ಒಂದು ತಡೆ ಕಿತ್ತರೆ ಅದರ ಹಿಂದೆ ಇನ್ನೊಂದು. ಅದನ್ನು ಕಿತ್ತರೆ ಮಗದೊಂದು. ಹೀಗೆ ಮೂವತ್ತು ವರ್ಷಗಳಿಗೂ ಮಿಕ್ಕಿ. ನಮಗೆ ಆಶ್ಚರ್ಯವೆನಿಸುವುದು ಈ ಕೊನೆಯ ಮಾತೇ. ಉತ್ಸಾಹ ಮೂರು ವರ್ಷ ಇರುವುದುಂಟು. ನಮ್ಮ ಸಂಘದ ಉಪಸಮಿತಿಗಳಲ್ಲಿ ಮೂರು ತಿಂಗಳು ಇರುವುದುಂಟು. ಆ ಮಕ್ಕಳಿಗೆ ಕೆಚ್ಚು ಕಲಿಸಿದ್ದು ಯಾವ ಪಾಠವೆಂದು ಕೇಳಿದರೆ, ನಿನ್ನೆ ಇದ್ದ ರಾಯರು ಇಂದೂ ಇದ್ದಾರೆ, ಕಲ್ಲು ಬಿದ್ದ ಮಾರನೆಯ ದಿನವೂ ಶಾಲೆಯ ಬಾಗಿಲು ತೆಗೆದಿದೆ ಎಂಬುದೇ ಆಗಿರಬೇಕು.

ಅವರ ಒಂದು ಆಸೆಯನ್ನು ಮಂಗಳೂರಿನವರು ಇಂದಿಗೂ ಹೇಳುತ್ತಾರೆ. ತನ್ನ ಶಾಲೆಯಲ್ಲಿ ಕಲಿತ ಮಗುವೊಂದು ದೊಡ್ಡ ಹುದ್ದೆಗೇರಿ ಊರಿನ ಬೀದಿಯಲ್ಲಿ ಕಾರಿನಲ್ಲಿ ಹಾದುಹೋಗಬೇಕು, ಆ ಕಾರಿನ ಧೂಳು ತನ್ನ ತಲೆಗೆ ತಾಗಬೇಕು, ಅಷ್ಟಾದರೆ ತನಗೆ ಸಾಕು ಎಂದಿದ್ದರಂತೆ. 1927ರಲ್ಲಿ ಸಂನ್ಯಾಸ ಸ್ವೀಕರಿಸಿ ಈಶ್ವರಾನಂದರಾದರು. 1928ರ ಜನವರಿಯಲ್ಲಿ ತೀರಿಕೊಂಡರು. ಗಾಂಧೀಜಿ 1934ರಲ್ಲಿ ಮಂಗಳೂರಿಗೆ ಬಂದಾಗ ರಾಯರು ಇರಲಿಲ್ಲ, ಅವರ ಕೆಲಸವಿತ್ತು. ದಿಲ್ಲಿಯವರಿಗೆ ಒಂದು ಮಾತು ಇಲ್ಲಿ ಹೇಳದೆ ಇರಲಾರೆವು. ರಾಯರ ಮಗಳು ರಾಧಾಬಾಯಿ, ಜಾತಿಯ ಗೋಡೆ ದಾಟಿ ಮದರಾಸಿನ ಪಿ. ಸುಬ್ಬರಾಯನ್ ಅವರನ್ನು ಮದುವೆಯಾದವರು. 1966ರಿಂದ 1969ರವರೆಗೆ ಇದೇ ದಿಲ್ಲಿಯಲ್ಲಿ ಭಾರತದ ಸೇನಾ ಮುಖ್ಯಸ್ಥರಾಗಿದ್ದ ಜನರಲ್ ಕುಮಾರಮಂಗಲಂ ಆಕೆಯ ಮಗ. ಬಹಿಷ್ಕಾರ ಹಾಕಿಸಿಕೊಂಡ ವಕೀಲರ ಮೊಮ್ಮಗ!

ಊರು ಬಿಟ್ಟು ಬಂದ ಕನ್ನಡಿಗರು ಇಂಥ ಕೆಲಸ ಮಾಡಲಿಲ್ಲವೆ ಎಂದರೆ, ಮಾಡಿದ್ದಾರೆ, ಮುಂಬಯಿಯಲ್ಲಿ ಮಾಡಿದ್ದಾರೆ. ದಕ್ಷಿಣ ಕನ್ನಡದಿಂದ ಹತ್ತು ಹನ್ನೆರಡು ವರ್ಷದ ಹುಡುಗರು ಹಡಗು ಹತ್ತಿ ಹೋಟೆಲಿನ ಲೋಟ ತೊಳೆಯಲು ಹೋಗುತ್ತಿದ್ದ ಕಾಲವದು. ಅವರಿಗಾಗಿ ಅಲ್ಲಿನ ಕನ್ನಡ ಸಂಘಸಂಸ್ಥೆಗಳು ರಾತ್ರಿಶಾಲೆಗಳನ್ನು ನಡೆಸಿದವು. 1902ರಲ್ಲಿ ಸ್ಥಾಪಿತವಾದ ಮೊಗವೀರ ವ್ಯವಸ್ಥಾಪಕ ಮಂಡಳಿ 1908ರಲ್ಲಿಯೇ ರಾತ್ರಿಶಾಲೆ ತೆರೆದಿತ್ತು. ಕಡಲಲ್ಲಿ ಬಲೆ ಬೀಸುವವರ ಸಂಘ ಅದು, ಕೈಯಲ್ಲಿ ಹಣವಿದ್ದವರದಲ್ಲ.

ನಮ್ಮ ಅಜ್ಜಿಯ ತಮ್ಮ 1960ರ ದಶಕದಲ್ಲಿ ಕೋಟೆ ಭಾಗದ ಅಂಥದೊಂದು ರಾತ್ರಿಶಾಲೆಯಲ್ಲಿ ಓದಿದವರು. ನಾವು ಹುಡುಗರಾಗಿದ್ದಾಗ ಅವರು ಹೇಳುತ್ತಿದ್ದ ಸಂಗತಿ: ಬೆಳಿಗ್ಗೆ ನಾಲ್ಕರಿಂದ ಮೇಜು ಒರೆಸಿ ಒರೆಸಿ, ರಾತ್ರಿ ತರಗತಿಯಲ್ಲಿ ಕುಳಿತೊಡನೆ ಅವರಿಗೆ ನಿದ್ದೆ ಬರುತ್ತಿತ್ತಂತೆ. ಮೇಷ್ಟರು ಎಬ್ಬಿಸುತ್ತಿರಲಿಲ್ಲ. ಗಂಟೆ ಹೊಡೆದ ಮೇಲೆ ಎಬ್ಬಿಸಿ, ರೈಲು ನಿಲ್ದಾಣದವರೆಗೆ ಜೊತೆಯಲ್ಲಿ ನಡೆಯುತ್ತ, ಅಂದಿನ ಪಾಠವನ್ನು ದಾರಿಯಲ್ಲಿ ಹೇಳುತ್ತಿದ್ದರಂತೆ. "ನಾನು ಬೀಜಗಣಿತ ಕಲಿತದ್ದು ಚಪ್ಪಲಿ ಸವೆಸಿ" ಎಂದು ಅಜ್ಜ ನಗುತ್ತಿದ್ದರು. ಆ ಮೇಷ್ಟರೂ ಹಗಲು ಎಲ್ಲಿಯೋ ಗುಮಾಸ್ತರಾಗಿದ್ದವರೇ. ಹೋಟೆಲಿನ ಯಜಮಾನರೂ ಒಂದು ಪಾಲು ಹೊರಬೇಕಿತ್ತು: ಸಂಜೆ ಗಿರಾಕಿ ತುಂಬುವ ಹೊತ್ತಿಗೆ ಹುಡುಗನನ್ನು ಬಿಟ್ಟುಕೊಡುವುದೆಂದರೆ ಸಣ್ಣ ಮಾತಲ್ಲ. ಆ ಅಜ್ಜ ಮೆಟ್ರಿಕ್ಯುಲೇಷನ್ ಮೂರು ಸಲ ಕಟ್ಟಿದರು. ಮೂರನೆಯ ಸಲ ಪಾಸಾದಾಗ ಯಜಮಾನರು ಅಂದಿನ ಗಿರಾಕಿಗಳಿಗೆಲ್ಲ ಶಿರಾ ಕೊಡಿಸಿದರಂತೆ.

ಈಗ ಪರದೇಶದ ಒಂದು ವಿಷಯ. ಹವಾಯಿ ದ್ವೀಪಗಳಲ್ಲಿ ಕವಾಯಿ ಎಂಬ ದ್ವೀಪವಿದೆ. ಅಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳನ್ನು ಎಮ್ಮಿ ವರ್ನರ್ ಎಂಬ ಮನಶ್ಶಾಸ್ತ್ರಜ್ಞೆಯೂ ಆಕೆಯ ಸಂಗಡಿಗರೂ ನಾಲ್ವತ್ತು ವರ್ಷದವರೆಗೆ ಹಿಂಬಾಲಿಸಿ ನೋಡಿದರು. ಬಡತನ, ಮನೆಯ ಜಗಳ, ಕುಡಿತ ಮೊದಲಾದ ಹಲವು ಕಷ್ಟಗಳ ನಡುವೆ ಬೆಳೆದವರಲ್ಲಿ ಮೂರರಲ್ಲೊಂದು ಪಾಲು ಮಕ್ಕಳು ಸಮರ್ಥರಾದ, ನೆಮ್ಮದಿಯ ದೊಡ್ಡವರಾದರು. ಏಕೆ? ಹುಟ್ಟುಗುಣವೂ ಒಂದಿಷ್ಟು ಕಾರಣ. ಆದರೆ ಮತ್ತೆ ಮತ್ತೆ ಕಂಡದ್ದೇನೆಂದರೆ, ಆ ಮಕ್ಕಳಿಗೆ ಅಜ್ಜಿಯೋ ಚಿಕ್ಕಮ್ಮನೋ ನೆರೆಯವರೋ ಮೇಷ್ಟರೋ, ಯಾರಾದರೊಬ್ಬರು ಕೈಬಿಡದವರು ಇದ್ದರು. ಇನ್ನೊಂದು ವಿಶೇಷ: ಹದಿನೆಂಟರಲ್ಲಿ ದಾರಿ ತಪ್ಪಿದ್ದ ಎಷ್ಟೋ ಮಂದಿ, ಆಮೇಲೆ ಓದನ್ನು ಮತ್ತೆ ಹಿಡಿದೋ, ಸೈನ್ಯಕ್ಕೆ ಸೇರಿಯೋ, ಒಳ್ಳೆಯ ಸಂಸಾರ ಕಟ್ಟಿಕೊಂಡೋ ಸರಿಹೋದರು. ಎರಡನೆಯ ಬಾಗಿಲು ಎಲ್ಲಿಯೋ ತೆರೆದಿತ್ತು.

ಒಂದು ಮಾತನ್ನು ಮರೆಯಬಾರದು. ಈ ಮಕ್ಕಳಿಗೆ ಕೆಚ್ಚೇ ಇಲ್ಲ, ಅದನ್ನು ನಾವು ಒಯ್ದು ಕೊಡಬೇಕು ಎಂದುಕೊಂಡರೆ ಅಂಥ ತಪ್ಪು ಬೇರೆ ಇಲ್ಲ. ಕವಿ ಸಿದ್ಧಲಿಂಗಯ್ಯನವರ ಆತ್ಮಕಥೆ 'ಊರುಕೇರಿ'ಯನ್ನು ಓದಿದವರಿಗೆ ಇದು ಗೊತ್ತು. ಎತ್ತಿನ ಬದಲು ನೊಗಕ್ಕೆ ಹೆಗಲು ಕೊಟ್ಟ ಇಬ್ಬರಲ್ಲಿ ಒಬ್ಬರು ತನ್ನ ತಂದೆ ಎಂಬ ನೋಟವನ್ನು ಕಂಡ ಮಗು ಅದು. ಅದೇ ಪುಸ್ತಕ ನಮ್ಮನ್ನು ಪುಟಪುಟದಲ್ಲೂ ನಗಿಸುತ್ತದೆ. ಬೆಂಗಳೂರಿನ ಗೋಪಾಲಸ್ವಾಮಿ ಅಯ್ಯರ್ ಹಾಸ್ಟೆಲಿನಲ್ಲಿ ಊಟ, ಹಾಸಿಗೆ, ಗೆಳೆಯರು, ಪುಸ್ತಕ ಇವಿಷ್ಟು ಸಿಕ್ಕವು. ನಗುವನ್ನು ಯಾರೂ ಕಲಿಸಿದ್ದಲ್ಲ, ಅದು ಕೇರಿಯಿಂದಲೇ ಬಂದದ್ದು. ನಮ್ಮ ಇಸ್ತ್ರಿಯವನ ಮಗನ ಜೇಡನ ಪ್ರಶ್ನೆಯೂ ಅಲ್ಲಿಂದಲೇ ಬಂದದ್ದೆಂದು ನಮಗೆ ಈಗ ತೋರುತ್ತದೆ.

ಇರಲಿ. ಮೂರು ತಿಂಗಳ ಮೇಲೆ ಒಂದು ಸಂಜೆ ಕಚೇರಿಯಿಂದ ಬಂದವರು ಬಟ್ಟೆಯ ಗಂಟಿಲ್ಲದೆಯೇ ಬೇವಿನ ಮರದ ಕೆಳಗೆ ಹೋದೆವು. ತಂದೆ ಪೆಟ್ಟಿಗೆಯನ್ನು ಬದಿಗಿಟ್ಟು ನಿಂತ. "ಬಾಬೂಜೀ, ಓದು ಇವನ ಹಣೆಯಲ್ಲಿ ಬರೆದಿಲ್ಲ. ಎರಡು ಸಲ ಆಯಿತು. ಶಾಲೆಯವರು ಮೂರನೆಯ ಸಲ ಸೇರಿಸಿಕೊಳ್ಳುವುದಿಲ್ಲ ಅಂದರು" ಎಂದ. ಹುಡುಗ ತಲೆಯೆತ್ತಲಿಲ್ಲ. ಏನಾಗಬೇಕೆಂದು ಇದ್ದೆ ಎಂದು ಕೇಳಿದೆವು. ಎರಡು ವರ್ಷ ಪಾಠ ಹೇಳಿದ ನಾವು ಈ ಪ್ರಶ್ನೆಯನ್ನು ಅಲ್ಲಿಯವರೆಗೆ ಕೇಳಿರಲಿಲ್ಲ! ಐ.ಟಿ.ಐ.ಯಲ್ಲಿ ಎಲೆಕ್ಟ್ರಿಷಿಯನ್ ಕೆಲಸ ಕಲಿಯಬೇಕೆಂದಿದ್ದನಂತೆ. ಅದಕ್ಕೆ ಹತ್ತನೆಯ ತರಗತಿ ಬೇಕು, ಗಣಿತ ವಿಜ್ಞಾನಗಳು ಬೇಕು.

ನಮ್ಮ ಕಚೇರಿಯಲ್ಲಿ ಕಡತವೊಂದು ಮೇಲಿನಿಂದ ತಿರಸ್ಕೃತವಾಗಿ ಬಂದರೆ ಯಾರೂ ಅಳುವುದಿಲ್ಲ. ಟಿಪ್ಪಣಿ ತಿದ್ದಿ 'ಮತ್ತೆ ಮಂಡಿಸಲಾಗಿದೆ' ಎಂದು ಬರೆದು ಕಳುಹಿಸುತ್ತೇವೆ. ಆರು ಸಲ ಹೋಗಿ ಬಂದ ಕಡತಗಳು ನಮ್ಮ ಬೀರುವಿನಲ್ಲಿವೆ. ಸರ್ಕಾರದ ಕಾಗದಕ್ಕಿರುವ ಈ ಸೌಕರ್ಯ ಹದಿನಾರು ವರ್ಷದ ಹುಡುಗನಿಗೆ ಬೇಡವೆ? ಹುಡುಕಿದರೆ ಅದೂ ಇದೆ, ನಮ್ಮ ಮಗ್ಗುಲಲ್ಲೇ ಇದೆ. ನೋಯ್ಡಾದ 62ನೆಯ ಸೆಕ್ಟರಿನಲ್ಲಿ ಮುಖ್ಯ ಕಚೇರಿ ಇರುವ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ. 1979ರಲ್ಲಿ ಕೇಂದ್ರೀಯ ಪ್ರೌಢ ಶಿಕ್ಷಣ ಮಂಡಳಿಯ ಒಂದು ಯೋಜನೆಯಾಗಿ ಹುಟ್ಟಿ, 1989ರಲ್ಲಿ ಸ್ವತಂತ್ರ ಸಂಸ್ಥೆಯಾಯಿತು. ಹದಿನಾಲ್ಕು ತುಂಬಿದ ಯಾರೇ ಆಗಲಿ ಹತ್ತನೆಯ ತರಗತಿಗೆ ಹೆಸರು ಕೊಡಬಹುದು. ಐದು ವಿಷಯಗಳನ್ನು ಒಮ್ಮೆಗೇ ಕಟ್ಟಬೇಕಾಗಿಲ್ಲ. ಒಂದೊಂದಾಗಿ, ಎರಡೆರಡಾಗಿ ಕಟ್ಟಬಹುದು. ಪಾಸಾದ ವಿಷಯ ಪಾಸಾಗಿಯೇ ಉಳಿಯುತ್ತದೆ. ವರ್ಷಕ್ಕೆರಡು ಸಲ ಪರೀಕ್ಷೆ. ಹೆಸರು ಕೊಟ್ಟ ಐದು ವರ್ಷಗಳಲ್ಲಿ ಒಂಬತ್ತು ಅವಕಾಶಗಳು. ಭಾಷೆಗಳ ಪಟ್ಟಿಯಲ್ಲಿ ಕನ್ನಡವೂ ಇದೆ, ಓದುಗರು ತಮ್ಮ ಪರಿಚಯದ ಕನ್ನಡ ಮಕ್ಕಳಿಗೆ ತಿಳಿಸಬಹುದು. ಶುಲ್ಕ ಕೇಳಿ ನಾವು ಹೆದರಿದ್ದೆವು. ನೋಡಿದರೆ ನಮ್ಮ ಮನೆಯ ಒಂದು ತಿಂಗಳ ಹಾಲಿನ ಲೆಕ್ಕಕ್ಕಿಂತ ಹೆಚ್ಚಲ್ಲ. ಸಂಘದ ಮಿತ್ರರಿಬ್ಬರೂ ನಾವೂ ಹಂಚಿಕೊಂಡೆವು. ತಂದೆ ಸುಮ್ಮನೆ ತೆಗೆದುಕೊಳ್ಳಲೊಪ್ಪದೆ, ಮೂವರ ಮನೆಯ ಬಟ್ಟೆಯನ್ನೂ ಎರಡು ತಿಂಗಳು ಹಣವಿಲ್ಲದೆ ಇಸ್ತ್ರಿ ಮಾಡಿದ. ಅದು ಸರಿಯೋ ತಪ್ಪೋ ಎಂದು ಮನೆಯಲ್ಲಿ ಚರ್ಚೆಯಾಯಿತು. ಮಾಡಗೊಡುವುದೇ ಮರ್ಯಾದೆಯೆಂದು ಮನೆಯಾಕೆ ತೀರ್ಪು ಕೊಟ್ಟಳು.

ನಾವೂ ಒಂದು ಬದಲಾವಣೆ ಮಾಡಿಕೊಂಡೆವು. ಭಾನುವಾರ ಬೆಳಿಗ್ಗೆ ಇಸ್ತ್ರಿಯ ಮೇಜಿಗೆ ಹೆಚ್ಚು ಕೆಲಸವಿರುವ ಹೊತ್ತು. ಅಷ್ಟು ದಿನ ಅದು ನಮ್ಮ ಗಮನಕ್ಕೇ ಬಂದಿರಲಿಲ್ಲ. ಪಾಠವನ್ನು ಸಂಜೆ ನಾಲ್ಕಕ್ಕೆ ಹಾಕಿದೆವು. ಇದರಿಂದ ನಮ್ಮ ಭಾನುವಾರದ ಮಧ್ಯಾಹ್ನದ ನಿದ್ದೆ ಹೋಯಿತು.

ಹುಡುಗ ಮೊದಲನೆಯ ಸಲ ಮೂರು ವಿಷಯಗಳನ್ನು ಕಟ್ಟಿದ: ಹಿಂದಿ, ವಿಜ್ಞಾನ, ಗಣಿತ. ಫಲಿತಾಂಶ ಬಂದ ದಿನ ನಾವು ಕಚೇರಿಯಿಂದಲೇ ನೋಡಿದೆವು. ಹಿಂದಿಯಲ್ಲಿಯೂ ವಿಜ್ಞಾನದಲ್ಲಿಯೂ ಪಾಸು, ಗಣಿತದಲ್ಲಿ ನಪಾಸು. ಸಂಜೆ ಬಸ್ಸಿನಿಂದ ಇಳಿದು ಬರುವಾಗ ಏನು ಹೇಳಬೇಕೆಂದು ಮಾತು ಜೋಡಿಸುತ್ತಲೇ ಬಂದೆವು. ಜೇಡನನ್ನಂತೂ ಮತ್ತೆ ಕರೆಯುವಂತಿರಲಿಲ್ಲ. ಬೇವಿನ ಮರದ ಕೆಳಗೆ ದೀಪ ಉರಿಯುತ್ತಿತ್ತು. ಹುಡುಗ ಮರದ ಆಚೆಗೆ ಸರಿಯಲಿಲ್ಲ. ನಮ್ಮ ಅಂಗಿಯ ಕೊರಳಪಟ್ಟಿಯ ಮೇಲೆ ಪೆಟ್ಟಿಗೆಯನ್ನು ಒತ್ತಿ, ಎತ್ತಿ, ಮಡಿಸಿ ಗಂಟಿನ ಮೇಲಿಟ್ಟ.

"ಇನ್ನೂ ಎಂಟು ಇವೆ, ಅಂಕಲ್‌ಜೀ" ಎಂದ.

ಆ ಭಾನುವಾರ ನಾಲ್ಕು ಗಂಟೆಗೆ ಭಿನ್ನರಾಶಿಯಿಂದ ಆರಂಭಿಸಿದೆವು.